ಯುದ್ಧ ಬೇಕೆನ್ನುವವರೇ ಮೊದಲು ಗಡಿಗೆ ಹೋಗಬೇಕೆ?

ಪ್ರಶ್ನೆ: ನಾನು ತುಮಕೂರಿನಲ್ಲಿ ಬಿ.ಎ. ಎರಡನೇ ವರ್ಷದ ವಿದ್ಯಾರ್ಥಿ. ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ 2025ರ ಮೇ ತಿಂಗಳ ಆಪರೇಷನ್ ಸಿಂಧೂರದ ವಿಷಯ ಬಂತು. ನಾಲ್ಕೇ ದಿನಕ್ಕೆ ನಿಲ್ಲಿಸಬಾರದಿತ್ತು, ಯುದ್ಧ ಮುಂದುವರಿಯಬೇಕಿತ್ತು ಎಂದು ನಾನು ವಾದಿಸಿದೆ. ಎದುರು ತಂಡದ ಹುಡುಗಿ, ‘ಅಷ್ಟು ಆಸೆಯಿದ್ದರೆ ಮೊದಲು ನೀವೇ ಸೇನೆಗೆ ಸೇರಿ, ಆಮೇಲೆ ಮಾತನಾಡಿ’ ಎಂದಳು. ಸಭಾಂಗಣದ ತುಂಬ ಚಪ್ಪಾಳೆ. ‘ರಾಗಿಯ ಬೆಲೆಯ ಬಗ್ಗೆ ಮಾತನಾಡಲು ಎಲ್ಲರೂ ರೈತರಾಗಬೇಕೆ?’ ಎಂದು ಕೇಳಿದೆ. ಆ ಉತ್ತರ ನನಗೇ ಸಮಾಧಾನ ಕೊಡಲಿಲ್ಲ. ಅಗ್ನಿವೀರ ಭರ್ತಿಗೆ ತಯಾರಾಗುತ್ತಿರುವ ನನ್ನ ಗೆಳೆಯ ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತಿದ್ದ. ಸೇನೆಗೆ ಸೇರುವ ಮನಸ್ಸು ನನಗಿಲ್ಲ. ಹಾಗಾದರೆ ಯುದ್ಧವನ್ನು ಬೆಂಬಲಿಸುವ ಹಕ್ಕು ನನಗಿಲ್ಲವೇ ಸರ್? ನಾನು ಹೇಡಿಯೇ?

ಉತ್ತರ: ಹಕ್ಕು ನಿಮಗೆ ಖಂಡಿತ ಇದೆ. ಸಂವಿಧಾನದ 19ನೇ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಸಮವಸ್ತ್ರದ ಷರತ್ತಿಲ್ಲ. 1976ರ 42ನೇ ತಿದ್ದುಪಡಿಯಲ್ಲಿ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ, ಕರೆ ಬಂದಾಗ ದೇಶದ ರಕ್ಷಣೆಗೆ ನಿಲ್ಲಬೇಕು ಎಂಬುದೂ ಒಂದು. ಕರೆ ಬರುವ ಮೊದಲೇ ಸೇರದವನು ಬಾಯಿ ಮುಚ್ಚಿಕೊಂಡಿರಬೇಕು ಎಂದು ಅಲ್ಲಿ ಬರೆದಿಲ್ಲ. 23ನೇ ವಿಧಿಯ ಎರಡನೇ ಉಪವಿಧಿಯಂತೆ ಸಾರ್ವಜನಿಕ ಉದ್ದೇಶಕ್ಕಾಗಿ ಕಡ್ಡಾಯ ಸೇವೆ ವಿಧಿಸಲು ಸರ್ಕಾರಕ್ಕೆ ಅವಕಾಶವಿದೆ. ಆದರೂ ಸ್ವತಂತ್ರ ಭಾರತ ಯಾರನ್ನೂ ಬಲವಂತವಾಗಿ ಸೇನೆಗೆ ಸೇರಿಸಿಕೊಂಡಿಲ್ಲ. 1962ರಲ್ಲಿ ಚೀನಾದಿಂದ ಪೆಟ್ಟು ತಿಂದ ಮೇಲೆ, 1963ರಲ್ಲಿ ಕಾಲೇಜು ಹುಡುಗರಿಗೆ ಎನ್‌ಸಿಸಿ ಕಡ್ಡಾಯವಾಯಿತು. 1968ರ ಹೊತ್ತಿಗೆ ಅದನ್ನೂ ಅವರವರ ಇಚ್ಛೆಗೆ ಬಿಟ್ಟರು.

ಆ ಹುಡುಗಿಯ ಮಾತನ್ನು ಒಮ್ಮೆ ಪೂರ್ತಿ ಒಪ್ಪಿಕೊಂಡು ನೋಡಿ. ಸೇನೆಯಲ್ಲಿ ಇಲ್ಲದವರು ಯುದ್ಧ ಬೇಕು ಎನ್ನುವಂತಿಲ್ಲವಾದರೆ, ಬೇಡ ಎನ್ನುವಂತೆಯೂ ಇಲ್ಲ. ಅವಳೂ ಮೈಕು ಬಿಟ್ಟು ಇಳಿಯಬೇಕಾಗುತ್ತದೆ. ಸೇನಾಧಿಕಾರಿಗಳನ್ನು ತಯಾರಿಸುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಪರೀಕ್ಷೆಗೆ ಹೆಣ್ಣುಮಕ್ಕಳು ಕೂರಬಹುದೆಂದು ಸುಪ್ರೀಂ ಕೋರ್ಟ್ ಆದೇಶಿಸಿದ್ದು 2021ರ ಆಗಸ್ಟ್‌ನಲ್ಲಿ. ಭೂಸೇನೆಯ ಸಿಪಾಯಿ ದರ್ಜೆಯಲ್ಲಿ ಅವರಿಗೆ ಬಾಗಿಲು ತೆರೆದದ್ದು ಮಿಲಿಟರಿ ಪೊಲೀಸ್ ವಿಭಾಗದಲ್ಲಿ, ಅದರ ಮೊದಲ ತಂಡ ಬೆಂಗಳೂರಿನಲ್ಲಿ ತರಬೇತಿ ಮುಗಿಸಿದ್ದೂ 2021ರಲ್ಲೇ. ಅಲ್ಲಿಯವರೆಗೆ ಈ ದೇಶದ ಅರ್ಧದಷ್ಟು ಜನ ಯುದ್ಧದ ಬಗ್ಗೆ ಮೂಕರಾಗಿರಬೇಕಿತ್ತೇ? ವಯಸ್ಸು ಮೀರಿದವರು, ಅಂಗವಿಕಲರು, ಕಣ್ಣಿನ ದೋಷದಿಂದ ವೈದ್ಯಕೀಯ ಪರೀಕ್ಷೆಯಲ್ಲಿ ಬಿದ್ದುಹೋದವರು ಏನು ಮಾಡಬೇಕು? ಕೊನೆಗೆ ಯುದ್ಧ ಬೇಕೋ ಬೇಡವೋ ಎಂದು ತೀರ್ಮಾನಿಸಲು ಉಳಿಯುವುದು ಸೇನೆ ಮಾತ್ರ. ಹಾಗೆ ಸೇನೆಯ ಕೈಗೆ ತೀರ್ಮಾನ ಹೋದ ದೇಶ ನಮ್ಮ ಪಕ್ಕದಲ್ಲೇ ಇದೆ: 1958, 1977, 1999, ಮೂರು ಸಲ ಅಲ್ಲಿ ಸೇನಾಧಿಪತಿಗಳು ಅಧಿಕಾರ ಹಿಡಿದರು. ಯುದ್ಧದ ತೀರ್ಮಾನ ಸಮವಸ್ತ್ರ ತೊಡದವರ ಕೈಯಲ್ಲಿರಬೇಕು ಎಂಬುದು ನಮ್ಮ ಪ್ರಜಾಪ್ರಭುತ್ವದ ಬುನಾದಿ. ಅವಳ ವಾದ ಆ ಬುನಾದಿಗೇ ಕೈಹಾಕುತ್ತದೆ.

ಹಾಗಿದ್ದರೂ ಚಪ್ಪಾಳೆ ಸುಮ್ಮನೆ ಬೀಳಲಿಲ್ಲ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆ ನಮ್ಮಲ್ಲಿ ಮಕ್ಕಳ ಬಾಯಲ್ಲೂ ಇದೆ. ವಿರಾಟನ ಮಗ ಅಂತಃಪುರದ ಹೆಂಗಸರ ಮುಂದೆ ಕೌರವರನ್ನೆಲ್ಲ ಸೋಲಿಸಿ, ನಿಜವಾದ ಕೌರವ ಸೇನೆ ಕಣ್ಣಿಗೆ ಬಿದ್ದೊಡನೆ ರಥದಿಂದ ಜಿಗಿದು ಓಡಿದ ಕಥೆ. ಆ ಕಥೆ ಅಲ್ಲಿಗೆ ಮುಗಿಯುವುದಿಲ್ಲ ಎಂಬುದನ್ನು ಜನ ಮರೆಯುತ್ತಾರೆ. ಓಡಿದವನನ್ನು ಬೃಹನ್ನಳೆಯ ವೇಷದಲ್ಲಿದ್ದ ಅರ್ಜುನ ಹಿಡಿದು ತಂದ ಮೇಲೆ, ಅದೇ ಉತ್ತರ ಅದೇ ದಿನ ಅರ್ಜುನನ ರಥ ನಡೆಸಿದ. ಮುಂದೆ ಕುರುಕ್ಷೇತ್ರದ ಮೊದಲ ದಿನವೇ ಶಲ್ಯನೊಡನೆ ಹೋರಾಡಿ ಸತ್ತ. ಗಾದೆಯಲ್ಲಿ ಅವನ ಹೆಸರು ಒಲೆಯ ಮುಂದೆಯೇ ನಿಂತುಬಿಟ್ಟಿತು. ನಿಮ್ಮ ವಯಸ್ಸಿನವರನ್ನು ಗಾದೆಯ ಅರ್ಧದಲ್ಲಿ ಅಳೆಯುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ನಿಮ್ಮ ರಾಗಿಯ ಉತ್ತರ. ಅದು ನಿಮಗೇ ಸಮಾಧಾನ ತರಲಿಲ್ಲ ಎಂದಿರಿ. ಆ ಅಸಮಾಧಾನಕ್ಕೆ ಕಾರಣವಿದೆ. ರಾಗಿಯ ಬೆಲೆ ಏರಿದರೆ ಕೊಳ್ಳುವ ನಿಮಗೂ ಬಿಸಿ ತಟ್ಟುತ್ತದೆ, ಹಾಗಾಗಿ ಬೆಲೆಯ ಮಾತಿನಲ್ಲಿ ನೀವೂ ಪಾಲುದಾರರು. ಯುದ್ಧ ಬೇಕು ಎಂದು ತುಮಕೂರಿನ ಸಭಾಂಗಣದಲ್ಲಿ ಹೇಳಿದಾಗ ಬೆಲೆ ತೆರುವವನು ಬೇರೆ, ಹೇಳುವವನು ಬೇರೆ. ಹಕ್ಕು ಇದೆಯೇ ಎಂಬ ಪ್ರಶ್ನೆಗಿಂತ ಈ ಅಂತರವೇ ನಿಜವಾದ ತೊಡಕು. ಇದನ್ನು ಅತಿ ಹತ್ತಿರದಿಂದ ನೋಡಿದ ದೇಶ ಅಮೆರಿಕ.

1863ರಲ್ಲಿ, ಅಂತರ್ಯುದ್ಧದ ನಡುವೆ, ಅಮೆರಿಕದ ಸರ್ಕಾರ ಕಡ್ಡಾಯ ಸೇನಾಭರ್ತಿಯ ಕಾನೂನು ತಂದಿತು. ಅದರಲ್ಲಿ ಒಂದು ಕಿಂಡಿ ಇತ್ತು: 300 ಡಾಲರ್ ಕಟ್ಟಿದವನಿಗೆ ವಿನಾಯಿತಿ. ಕೂಲಿಯವನಿಗೆ ಅದು ಹೆಚ್ಚುಕಡಿಮೆ ಒಂದು ವರ್ಷದ ದುಡಿಮೆ. ಆ ಜುಲೈನಲ್ಲಿ ನ್ಯೂಯಾರ್ಕ್ ನಗರ ಹೊತ್ತಿ ಉರಿಯಿತು, ನೂರಕ್ಕೂ ಹೆಚ್ಚು ಜನ ಸತ್ತರು. ಕೋಪ ಕೊನೆಗೆ ತಿರುಗಿದ್ದು ಏನೂ ತಪ್ಪು ಮಾಡದ ಕಪ್ಪು ಜನರ ಮೇಲೆ. ನೂರು ವರ್ಷದ ನಂತರ ವಿಯೆಟ್ನಾಂ ಯುದ್ಧದಲ್ಲಿ ಕಾಲೇಜಿನಲ್ಲಿ ಓದುವವರಿಗೆ ಮುಂದೂಡಿಕೆ ಸಿಗುತ್ತಿತ್ತು. ಮುಂದೆ ಉಪಾಧ್ಯಕ್ಷರಾಗಿ ಇರಾಕ್ ಯುದ್ಧದ ದೊಡ್ಡ ಪ್ರತಿಪಾದಕರಾದ ಡಿಕ್ ಚೆನಿ ಒಟ್ಟು ಐದು ಬಾರಿ ಮುಂದೂಡಿಕೆ ಪಡೆದಿದ್ದರು, ಅದರಲ್ಲಿ ನಾಲ್ಕು ವಿದ್ಯಾರ್ಥಿಯೆಂಬ ಕಾರಣಕ್ಕೆ. ಅರವತ್ತರ ದಶಕದಲ್ಲಿ ತಮಗೆ ಸೇನೆಗಿಂತ ಬೇರೆ ಆದ್ಯತೆಗಳಿದ್ದವು ಎಂದು ಅವರೇ 1989ರಲ್ಲಿ ಹೇಳಿದರು. 1973ರಲ್ಲಿ ಕಡ್ಡಾಯ ಭರ್ತಿ ನಿಂತುಹೋಯಿತು. 2003ರಲ್ಲಿ ಇರಾಕ್ ಯುದ್ಧ ಶುರುವಾದಾಗ, ಅದನ್ನು ಜೋರಾಗಿ ಬೆಂಬಲಿಸುತ್ತಿದ್ದ ಕಾಲೇಜು ಯುವಕರಿಗೆ ಅಲ್ಲಿನ ವಿರೋಧಿಗಳು ಕೇಳಿದ್ದು ನಿಮ್ಮ ಎದುರು ತಂಡ ಕೇಳಿದ ಪ್ರಶ್ನೆಯನ್ನೇ: ನೀವೇಕೆ ಸೇರಿಲ್ಲ?

ಆ ಗದ್ದಲದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಚಾರ್ಲ್ಸ್ ರೇಂಜಲ್ ಎಂಬ ಸಂಸದರ ನಡೆ. ಕೊರಿಯಾ ಯುದ್ಧದಲ್ಲಿ ಗಾಯಗೊಂಡು ಬಂದವರು. ಇರಾಕ್ ಮೇಲೆ ದಾಳಿ ನಡೆಯುವ ಮೊದಲೇ, 2003ರ ಜನವರಿಯಲ್ಲಿ, ಕಡ್ಡಾಯ ಸೇವೆಯನ್ನು ಮತ್ತೆ ತರುವ ಮಸೂದೆ ಮಂಡಿಸಿದರು. ಅವರು ಯುದ್ಧದ ವಿರೋಧಿ. ತೀರ್ಮಾನ ಮಾಡುವವರ ಮಕ್ಕಳೂ ಹೋಗಬೇಕಾದೀತು ಎಂದಾದರೆ ತೀರ್ಮಾನ ಮಾಡುವಾಗ ಕೈ ನಡುಗುತ್ತದೆ ಎಂಬುದು ಅವರ ಲೆಕ್ಕ. 2004ರ ಅಕ್ಟೋಬರ್‌ನಲ್ಲಿ ಮಸೂದೆ 402–2 ಮತಗಳಿಂದ ಬಿತ್ತು. ಕಾಟಾಚಾರಕ್ಕೆ ಮತಕ್ಕೆ ಹಾಕಿದ್ದಾರೆಂದು ಸ್ವತಃ ರೇಂಜಲ್ ಕೂಡ ವಿರುದ್ಧ ಮತ ಹಾಕಿದರು. ಆ ಯುದ್ಧದಲ್ಲಿ ಸುಮಾರು 4,500 ಅಮೆರಿಕನ್ ಸೈನಿಕರು ಸತ್ತರು. ಸತ್ತ ಇರಾಕಿ ನಾಗರಿಕರ ಸಂಖ್ಯೆ ಲಕ್ಷ ದಾಟಿತು. ಯುದ್ಧಕ್ಕೆ ಕಾರಣವೆಂದು ಹೇಳಿದ ಸಾಮೂಹಿಕ ವಿನಾಶದ ಅಸ್ತ್ರಗಳು ಸಿಗಲೇ ಇಲ್ಲ.

ಹಾಗೆಂದು ‘ನೀನೇಕೆ ಹೋಗಲಿಲ್ಲ’ ಎಂದು ನಾಚಿಸುವ ಚಾಳಿಗೆ ನನ್ನ ಒಪ್ಪಿಗೆ ಇಲ್ಲ. 1914ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನಲ್ಲಿ ನಿವೃತ್ತ ನೌಕಾಧಿಕಾರಿಯೊಬ್ಬರು ಹೆಂಗಸರನ್ನು ಗುಂಪು ಕಟ್ಟಿ, ಸಮವಸ್ತ್ರವಿಲ್ಲದ ಗಂಡಸರ ಕೈಗೆ ಹೇಡಿತನದ ಗುರುತಾಗಿ ಬಿಳಿ ಗರಿ ಕೊಡಿಸಿದರು. ರಜೆಯ ಮೇಲೆ ಊರಿಗೆ ಬಂದು ಸಾದಾ ಬಟ್ಟೆಯಲ್ಲಿದ್ದ ಸೈನಿಕರಿಗೂ, ಗಾಯಗೊಂಡು ಬಿಡುಗಡೆಯಾದವರಿಗೂ ಗರಿ ಸಿಕ್ಕಿತು. ಕೊನೆಗೆ 1916ರಲ್ಲಿ ಸರ್ಕಾರವೇ ಗಾಯಾಳುಗಳಿಗೆ ಎದೆಗೆ ಸಿಕ್ಕಿಸಿಕೊಳ್ಳಲು ಬೆಳ್ಳಿಯ ಬ್ಯಾಡ್ಜ್ ಕೊಡಬೇಕಾಯಿತು. ಅದೇ ದೇಶದಲ್ಲಿ 1933ರ ಫೆಬ್ರುವರಿ 9ರಂದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಚರ್ಚಾಸಂಘವಾದ ಆಕ್ಸ್‌ಫರ್ಡ್ ಯೂನಿಯನ್‌ನ ವಿದ್ಯಾರ್ಥಿಗಳು, ಯಾವ ಪರಿಸ್ಥಿತಿಯಲ್ಲೂ ರಾಜನಿಗಾಗಿ, ದೇಶಕ್ಕಾಗಿ ಹೋರಾಡುವುದಿಲ್ಲ ಎಂಬ ನಿರ್ಣಯವನ್ನು 275–153 ಮತಗಳಿಂದ ಅಂಗೀಕರಿಸಿದರು. ದೇಶವೇ ಅವರನ್ನು ಹೇಡಿಗಳೆಂದು ಜರೆಯಿತು. ಆರು ವರ್ಷದ ನಂತರ ಹಿಟ್ಲರ್‌ನ ವಿರುದ್ಧ ಯುದ್ಧ ಬಂದಾಗ ಅದೇ ವಿಶ್ವವಿದ್ಯಾಲಯದ ಬಹುಪಾಲು ಹುಡುಗರು ತಾವಾಗಿ ಹೆಸರು ಕೊಟ್ಟರು. ಚರ್ಚೆಯ ವೇದಿಕೆಯಲ್ಲಿ ಯಾರು ಏನೆಂದರು ಎಂಬುದರಿಂದ ಅವರ ಧೈರ್ಯವನ್ನು ಅಳೆಯಲಾಗದು. ಯುದ್ಧ ಬೇಕೆಂದವನಿಗೂ ಬೇಡವೆಂದವನಿಗೂ ಈ ಮಾತು ಒಂದೇ.

ಈಗ ನಿಮ್ಮ ಗೆಳೆಯನ ಮೌನಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಒಂದು ಸಾಲು.

ಅವನು ಇವತ್ತು ಸುಮ್ಮನಿದ್ದದ್ದು ಅವನ ಸ್ವಭಾವ ಇರಬಹುದು. ಭರ್ತಿಯಾದ ಮೇಲೆ ಸುಮ್ಮನಿರುವುದು ಕಾನೂನು. ಸಂವಿಧಾನದ 33ನೇ ವಿಧಿ ಸಶಸ್ತ್ರ ಪಡೆಗಳವರ ಮೂಲಭೂತ ಹಕ್ಕುಗಳನ್ನು ಮಿತಿಗೊಳಿಸುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. 1950ರ ಸೇನಾ ಕಾಯ್ದೆ ಮತ್ತು 1954ರ ಸೇನಾ ನಿಯಮಗಳ ಪ್ರಕಾರ ಸೈನಿಕ ರಾಜಕೀಯ ಸಭೆಗಳಲ್ಲಿ ಭಾಗವಹಿಸುವಂತಿಲ್ಲ, ಅನುಮತಿಯಿಲ್ಲದೆ ಪತ್ರಿಕೆಗಳಿಗೆ ಹೇಳಿಕೆ ಕೊಡುವಂತಿಲ್ಲ. ಮತ ಹಾಕಬಹುದು, ವಾದ ಹೂಡುವಂತಿಲ್ಲ. ಈ ನಿರ್ಬಂಧ ಸರಿಯಾದದ್ದೇ. ಬಂದೂಕು ಹಿಡಿದವರು ರಾಜಕೀಯ ಮಾತನಾಡತೊಡಗಿದರೆ ಏನಾಗುತ್ತದೆಂದು ಮೇಲೆ ಹೇಳಿದೆ. ಆದರೆ ಅದರ ಪರಿಣಾಮ ನೋಡಿ. ಯುದ್ಧಕ್ಕೆ ಹೋಗುವವನು ಈ ಯುದ್ಧ ಬೇಕೆ ಎಂದು ಕೇಳುವಂತಿಲ್ಲ. ‘ಸೇರಿದ ಮೇಲೆ ಮಾತನಾಡಿ’ ಎಂಬ ಸವಾಲಿನ ಅರ್ಥ ಹಾಗಾದರೆ ‘ಮಾತನಾಡಲೇಬೇಡಿ’ ಎಂದಾಯಿತು. ಸೇರಿದವನಿಗೆ ಬಾಯಿಲ್ಲ, ಸೇರದವನಿಗೆ ಹಕ್ಕಿಲ್ಲ ಎಂದರೆ ಆ ಪ್ರಶ್ನೆ ಕೇಳುವವರು ಯಾರು?

ಆದ್ದರಿಂದ ಹೋಗದವರು ಮಾತನಾಡಲೇಬೇಕು. ನೀವು ಎರಡು ಬಾಯಿಗಳ ಮಾತನ್ನು ಒಂದೇ ಬಾಯಿಂದ ಆಡುತ್ತಿದ್ದೀರಿ, ನಿಮ್ಮದನ್ನೂ ನಿಮ್ಮ ಗೆಳೆಯನದನ್ನೂ. ‘ಮುಂದುವರಿಯಬೇಕಿತ್ತು’ ಎನ್ನುವಾಗ ಹಿಂದಿನ ಸಾಲಿನಲ್ಲಿ ಕುಳಿತವನ ಲೆಕ್ಕ ನಿಮ್ಮ ಬಳಿ ಇತ್ತೇ?

ಆ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಯುದ್ಧದ ಮಾತಿನಲ್ಲಿ ಎಲ್ಲರೂ ಹಾರಿಸಿಬಿಡುವ ಪುಟ ಇದು. 2022ರ ಜೂನ್ 14ರಂದು ಘೋಷಿಸಿದ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ. ಮೊದಲ ವರ್ಷದ ತಿಂಗಳ ಸಂಬಳ 30,000 ರೂಪಾಯಿ. ಅದರಲ್ಲಿ ಶೇ 30, ಅಂದರೆ 9,000, ಸೇವಾನಿಧಿಗೆ ಮುರಿದು ಕೈಗೆ ಬರುವುದು 21,000. ನಾಲ್ಕನೇ ವರ್ಷ 40,000ದಲ್ಲಿ ಕೈಗೆ 28,000. ಸರ್ಕಾರವೂ ಅಷ್ಟೇ ಮೊತ್ತ ಸೇರಿಸಿ, ಬಡ್ಡಿಯೊಂದಿಗೆ ಕೊನೆಗೆ ಸುಮಾರು 11.71 ಲಕ್ಷ ರೂಪಾಯಿ ಕೊಡುತ್ತದೆ. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ನೂರರಲ್ಲಿ 25 ಜನರವರೆಗೆ ಮಾತ್ರ ಕಾಯಂ ಆಗಿ ಉಳಿಯುತ್ತಾರೆ. ಸೇವೆಯಲ್ಲಿ ಸತ್ತರೆ 48 ಲಕ್ಷದ ವಿಮೆ ಇದೆ. ಸಾವಿಗೆ ಕರ್ತವ್ಯವೇ ಕಾರಣವಾಗಿದ್ದರೆ 44 ಲಕ್ಷದ ಪರಿಹಾರವೂ ಇದೆ. ಕಾಯಂ ಸೈನಿಕನ ಮನೆಯವರಿಗೆ ಬರುವ ಕುಟುಂಬ ಪಿಂಚಣಿ ಮಾತ್ರ ಯೋಜನೆಯಲ್ಲಿಲ್ಲ. ಭೂಸೇನೆಯ ಮೊದಲ ತಂಡ ತರಬೇತಿಗೆ ಇಳಿದದ್ದು 2023ರ ಜನವರಿಯಲ್ಲಿ. ಅವರ ನಾಲ್ಕು ವರ್ಷ 2026ರ ಕೊನೆಗೆ ತುಂಬುತ್ತದೆ. ಪಾವಗಡದ, ಶಿರಾದ, ಮಧುಗಿರಿಯ ಇಪ್ಪತ್ತೆರಡು ಇಪ್ಪತ್ಮೂರರ ಹುಡುಗರು ಹಿಂದಿರುಗಿ ಬಂದು ಯಾವ ಕೆಲಸ ಹಿಡಿಯುತ್ತಾರೆ? ಯುದ್ಧವನ್ನು ಬೆಂಬಲಿಸುವವರೇ ಈ ಪ್ರಶ್ನೆಯನ್ನು ಎಲ್ಲರಿಗಿಂತ ಮೊದಲು ಕೇಳಬೇಕು.

ನಿಮ್ಮ ಗೆಳೆಯನ ಜೊತೆ ಒಂದು ಮುಂಜಾನೆ ಮೈದಾನಕ್ಕೆ ಹೋಗಿ. ಇನ್ನೂ ನಸುಗತ್ತಲೆ ಇರುವಾಗ ಹುಡುಗರು 1.6 ಕಿಲೋಮೀಟರ್ ಓಟವನ್ನು ಐದೂವರೆ ನಿಮಿಷದೊಳಗೆ ಮುಗಿಸಲು ಒದ್ದಾಡುತ್ತಿರುತ್ತಾರೆ. ಕಂಬಿಗೆ ಜೋತುಬಿದ್ದು ಹತ್ತನೆಯ ಸಲ ಗಲ್ಲವನ್ನು ಮೇಲೆತ್ತುವಾಗ ತೋಳು ನಡುಗುತ್ತದೆ. ಒಂಬತ್ತು ಅಡಿಯ ಹಳ್ಳ ಹಾರುವುದನ್ನು ಮರಳಿನಲ್ಲಿ ಗೆರೆ ಎಳೆದುಕೊಂಡು ಕಲಿಯುತ್ತಾರೆ. ಅವರಲ್ಲಿ ದೇಶಪ್ರೇಮ ಇದೆ, ಹೊಟ್ಟೆಪಾಡೂ ಇದೆ. ಎರಡನ್ನೂ ಬೇರ್ಪಡಿಸಿ ನೋಡುವುದು ಅವರಿಗೆ ಮಾಡುವ ಅವಮಾನ. ಎರಡು ಎಕರೆ ಒಣಬೇಸಾಯದ ಮನೆಯ ಮಗ ಸೇನೆಗೆ ಹೆಸರು ಕೊಡುವುದಕ್ಕೂ, ಬೆಂಗಳೂರಿನಲ್ಲಿ ಕೆಲಸ ಕಾದಿರುವವನು ಕೊಡದಿರುವುದಕ್ಕೂ ಧೈರ್ಯ ಒಂದೇ ಕಾರಣವಲ್ಲ.

ನಮ್ಮ ಹಿಂದಿನವರು ಈ ಲೆಕ್ಕವನ್ನು ಮರೆಯುತ್ತಿರಲಿಲ್ಲ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಿಗಳಲ್ಲಿ ಕೆರೆ ಏರಿಯ ಪಕ್ಕದಲ್ಲೋ ದೇವಸ್ಥಾನದ ಅಂಗಳದಲ್ಲೋ ವೀರಗಲ್ಲುಗಳು ನಿಂತಿವೆ. ಹತ್ತಿರ ಹೋಗಿ ನೋಡಿ: ಅನೇಕ ಕಲ್ಲುಗಳಲ್ಲಿ ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲು ಅಥವಾ ಕತ್ತಿ ಹಿಡಿದ ವೀರ, ಹಿಂದೆ ಕಳ್ಳರು ಹೊಡೆದುಕೊಂಡು ಹೋಗುತ್ತಿದ್ದ ದನಗಳ ಸಾಲು, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ಅವನೇ. ಸ್ವರ್ಗದ ಮಾತು ಚಿತ್ರದಲ್ಲಿದೆ. ಬರಹವಿರುವ ಕೆಲವು ಕಲ್ಲುಗಳಲ್ಲಿ ಇನ್ನೊಂದು ಮಾತೂ ಇದೆ: ಸತ್ತವನ ಮನೆಯವರಿಗೆ ಇಂತಿಷ್ಟು ಭೂಮಿ ಬಿಟ್ಟೆವು ಎಂಬ ದತ್ತಿ. ಕಲ್ನಾಡು, ನೆತ್ತರುಗೊಡಗೆ ಎಂದು ಶಾಸನಗಳು ಅದನ್ನು ಕರೆಯುತ್ತವೆ. ಊರಿನ ದನಗಳಿಗಾಗಿ ಸತ್ತವನ ಹೆಂಡತಿ ಮಕ್ಕಳ ಹೊಣೆ ಊರಿನದು ಎಂದು ಕಲ್ಲಿನಲ್ಲಿ ಕೊರೆದರು. ಹೊಗಳಿ ಕೈತೊಳೆದುಕೊಳ್ಳಲಿಲ್ಲ.

ನಿಮ್ಮ ವಾದದ ತಿರುಳಿನ ಬಗ್ಗೆಯೂ ಒಂದು ಮಾತು. ‘ಮುಂದುವರಿಯಬೇಕಿತ್ತು’ ಎಂದಿರಿ. ಎಲ್ಲಿಯವರೆಗೆ? ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದದ್ದಕ್ಕೆ ಪ್ರತಿಯಾಗಿ ಭಯೋತ್ಪಾದಕರ ಒಂಬತ್ತು ನೆಲೆಗಳ ಮೇಲೆ ಅಳೆದು ತೂಗಿ ದಾಳಿ ಮಾಡಿದ್ದೇವೆ ಎಂದು ಸರ್ಕಾರ ಮೇ 7ರಂದೇ ಹೇಳಿತು. ಅದಕ್ಕಿಂತ ಮುಂದಿನ ಗುರಿ ಯಾವುದು, ಅದು ಈಡೇರಿತೆಂದು ತಿಳಿಯುವುದು ಹೇಗೆ, ಅದಕ್ಕೆ ಎಷ್ಟು ಜೀವ ತೆರಬೇಕು ಎಂಬುದನ್ನು ಹೇಳದೆ ಮುಂದುವರಿಯಬೇಕಿತ್ತು ಎನ್ನುವುದು ಅಪೂರ್ಣ ವಾದ. ಕಾರ್ಗಿಲ್‌ನಲ್ಲಿ ಗುರಿ ಸ್ಪಷ್ಟವಾಗಿತ್ತು, ನಿಯಂತ್ರಣ ರೇಖೆಯ ಈಚೆ ನುಗ್ಗಿ ಬಂದವರನ್ನು ಹೊರಗಟ್ಟುವುದು. ಅದಕ್ಕೂ 527 ಸೈನಿಕರು ಪ್ರಾಣ ಕೊಟ್ಟರು. ಗೆದ್ದ ಮೇಲೆಯೂ ಕೆ. ಸುಬ್ರಹ್ಮಣ್ಯಂ ಅವರ ನೇತೃತ್ವದಲ್ಲಿ ಪರಿಶೀಲನಾ ಸಮಿತಿ ಕೂತು, ನುಸುಳುವಿಕೆ ಮೊದಲೇ ಏಕೆ ಗೊತ್ತಾಗಲಿಲ್ಲ ಎಂದು ಕೇಳಿತು. 2000ದ ಫೆಬ್ರುವರಿಯಲ್ಲಿ ವರದಿ ಸಂಸತ್ತಿನ ಮುಂದೆ ಬಂತು. 1962ರಲ್ಲಂತೂ ಯುದ್ಧ ನಡೆಯುತ್ತಿರುವಾಗಲೇ, ಆಗಿನ್ನೂ ಮೂವತ್ತೇಳರ ವಾಜಪೇಯಿ ಸಂಸತ್ತಿನ ಅಧಿವೇಶನ ಕರೆಯಲು ಒತ್ತಾಯಿಸಿದರು, ನೆಹರೂ ನವೆಂಬರ್ 8ಕ್ಕೆ ಕರೆದರು. ಯುದ್ಧದ ಹೊತ್ತಿನಲ್ಲಿ ಪ್ರಶ್ನೆ ಕೇಳುವುದು ದ್ರೋಹ ಎನ್ನುವವರಿಗೆ ಈ ದಿನಾಂಕ ನೆನಪಿಸಿ.

ಹೇಡಿಯೇ ಎಂದು ಕೇಳಿದಿರಿ. ಅಲ್ಲ. ಆದರೆ ನಂಬಿದ್ದಕ್ಕೆ ಮೈ ಒಡ್ಡುವ ದಾರಿ ಬಂದೂಕು ಒಂದೇ ಅಲ್ಲ ಎಂಬುದನ್ನು ಗಾಂಧೀಜಿಯ ಜೀವನದಲ್ಲಿ ನೋಡಿ. ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರಿಗೂ ಡಚ್ ಮೂಲದ ಬೋಯರರಿಗೂ ನಡೆದ ಬೋಯರ್ ಯುದ್ಧದಲ್ಲಿ ಅವರ ಮನಸ್ಸು ಬೋಯರರ ಕಡೆಗಿತ್ತು. ಬ್ರಿಟಿಷ್ ಪ್ರಜೆಯ ಹಕ್ಕು ಕೇಳುವವನು ಅದರ ಹೊರೆಯನ್ನೂ ಹೊರಬೇಕೆಂದು ಸುಮಾರು 1,100 ಭಾರತೀಯರ ಆಂಬುಲೆನ್ಸ್ ದಳ ಕಟ್ಟಿ, ಗಾಯಾಳುಗಳನ್ನು ಡೋಲಿಯಲ್ಲಿ ಹೊತ್ತರು. 1918ರಲ್ಲಿ ಮಾತ್ರ ಖೇಡಾದ ರೈತರನ್ನೇ ಸೇನೆಗೆ ಸೇರಿ ಎಂದು ಕೇಳಲು ಹೊರಟರು. ಕಂದಾಯ ಸತ್ಯಾಗ್ರಹಕ್ಕೆ ಪುಕ್ಕಟೆ ಗಾಡಿ ಕೊಟ್ಟಿದ್ದ ಅದೇ ಹಳ್ಳಿಗಳಲ್ಲಿ ಈಗ ಬಾಡಿಗೆಗೂ ಗಾಡಿ ಸಿಗಲಿಲ್ಲ, ನಡೆದೇ ಹೋಗಬೇಕಾಯಿತು. ಅಹಿಂಸೆಯವರು ನಮ್ಮನ್ನು ಆಯುಧ ಹಿಡಿಯಲು ಹೇಗೆ ಕರೆಯುತ್ತೀರಿ ಎಂದು ಜನ ಮುಖದ ಮೇಲೆ ಕೇಳಿದರು. ತಾನೇ ಹೊತ್ತದ್ದಕ್ಕೂ ಬೇರೆಯವರಿಗೆ ಹೊರಲು ಹೇಳಿದ್ದಕ್ಕೂ ಜನ ಕೊಟ್ಟ ಬೆಲೆಯಲ್ಲಿ ಎಷ್ಟು ಅಂತರ ನೋಡಿ.

ನಿಮಗೆ ತೆರೆದಿರುವ ದಾರಿಗಳು ನೀವು ಎಣಿಸಿರುವುದಕ್ಕಿಂತ ಹೆಚ್ಚು. ಕಾಲೇಜಿನಲ್ಲಿ ಎನ್‌ಸಿಸಿ ಇದ್ದರೆ, ‘ಸಿ’ ಪ್ರಮಾಣಪತ್ರ ಪಡೆದವರಿಗೆ ಅಧಿಕಾರಿ ಹುದ್ದೆಗೆ ಲಿಖಿತ ಪರೀಕ್ಷೆಯಿಲ್ಲದೆ ಸಂದರ್ಶನಕ್ಕೆ ಹೋಗುವ ವಿಶೇಷ ಪ್ರವೇಶವಿದೆ. ಪದವಿ ಮುಗಿಸಿದವರಿಗೆ ಸೇನಾಧಿಕಾರಿಗಳ ಆಯ್ಕೆಯ ಸಿಡಿಎಸ್ ಪರೀಕ್ಷೆ ಇದೆ. ಸೇನೆಯಲ್ಲಿ ಸಾವಿರಾರು ಅಧಿಕಾರಿ ಹುದ್ದೆಗಳು ಖಾಲಿ ಇವೆಯೆಂದು ಸರ್ಕಾರವೇ ಸಂಸತ್ತಿನಲ್ಲಿ ಹೇಳುತ್ತ ಬಂದಿದೆ. ಉದ್ಯೋಗ ಬಿಡಲಾರೆ ಎನ್ನುವವರಿಗೆ 1949ರಲ್ಲಿ ಆರಂಭವಾದ ಟೆರಿಟೋರಿಯಲ್ ಆರ್ಮಿ ಇದೆ. 18ರಿಂದ 42 ವರ್ಷದೊಳಗಿನ, ಸ್ವಂತ ದುಡಿಮೆಯಿರುವ ಪದವೀಧರರು ಅಧಿಕಾರಿಗಳಾಗಿ ಸೇರಬಹುದು. ವರ್ಷಕ್ಕೊಮ್ಮೆ ತರಬೇತಿ, ಕರೆ ಬಂದಾಗ ಸೇವೆ. ಇವೊಂದೂ ಬೇಡವೆಂದರೆ ಅದೂ ನಿಮ್ಮ ಹಕ್ಕು. ಗುಬ್ಬಿಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯಲ್ಲಿ, ಕೆಜಿಎಫ್‌ನ ಬೆಮೆಲ್‌ನಲ್ಲಿ ದುಡಿಯುವವರೂ ದೇಶ ಕಾಯುವ ಕೆಲಸದ ಪಾಲುದಾರರೇ.

ಚರ್ಚೆ ಇನ್ನೊಂದು ಸುತ್ತು ನಡೆಯುವುದಾದರೆ, ವಿಷಯವನ್ನು ‘ಯುದ್ಧ ಬೇಕೆ ಬೇಡವೆ’ ಎಂದು ಇಡಬೇಡಿ ಎಂದು ನಿಮ್ಮ ಅಧ್ಯಾಪಕರಲ್ಲಿ ಕೇಳಿಕೊಳ್ಳಿ. ‘ನಾಲ್ಕು ವರ್ಷ ಮುಗಿಸಿ ಬರುವ ಅಗ್ನಿವೀರರಿಗೆ ನಮ್ಮ ಜಿಲ್ಲೆ ಏನು ಮಾಡಬೇಕು’ ಎಂದಿಡಲಿ. ನೀವೂ ಆ ಹುಡುಗಿಯೂ ಒಂದೇ ತಂಡದಲ್ಲಿ ಕೂರಬಹುದಾದ ವಿಷಯ ಅದು. ನಿಮ್ಮ ಗೆಳೆಯನಿಗೆ ಇನ್ನೂ ಭರ್ತಿಯಾಗಿಲ್ಲವಾದ್ದರಿಂದ, ಮಾತನಾಡಲು ಅವನಿಗೆ ಯಾವ ಕಾನೂನಿನ ಅಡ್ಡಿಯೂ ಇಲ್ಲ.